ದುಡಿಮೆಯೇ ಕೃತಜ್ಞತೆ: ವಿಜಯಪುರದ ರೇಷ್ಮೆ ಕೆಲಸಗಾರರು

ದೇವರ ಸ್ಮರಣೆಗೆ ಒಂದು ಹೊತ್ತು, ಹೊಟ್ಟೆಪಾಡಿಗೆ ಇನ್ನೊಂದು ಹೊತ್ತು ಎಂದು ದಿನವನ್ನು ಎರಡಾಗಿ ಹಂಚಿಕೊಂಡಿರುವವರು ಲೋಕದಲ್ಲಿ ಬಹುಮಂದಿ. ಮುಂಜಾನೆ ಪೂಜೆಯನ್ನೋ ನಮಾಜನ್ನೋ ಮುಗಿಸಿ ಕಚೇರಿಗೋ ಅಂಗಡಿಗೋ ಹೋದ ಮೇಲೆ, ಅಲ್ಲಿ ನಡೆಯತಕ್ಕ ವ್ಯವಹಾರಕ್ಕೂ ಮುಂಜಾನೆಯ ಪ್ರಾರ್ಥನೆಗೂ ಯಾವ ಸಂಬಂಧವೂ ಇಲ್ಲವೆಂಬಂತೆ ನಡೆದುಕೊಳ್ಳುವುದು ಪಟ್ಟಣವಾಸಿಗಳಲ್ಲಿ ವಾಡಿಕೆಯಾಗಿಬಿಟ್ಟಿದೆ. ಹೀಗೆ ಎರಡಾಗಿ ಸೀಳಿದ ಬಾಳಿನಲ್ಲಿ ದೈವಭಕ್ತಿಯು ಬರಿಯ ಮಾತಾಗಿಯೂ, ದುಡಿಮೆಯು ಬರಿಯ ಹೊರೆಯಾಗಿಯೂ ಉಳಿಯುವುದು ಸಹಜವೇ ಸರಿ. ಈ ಎರಡನ್ನೂ ಒಂದೇ ಎಳೆಯಾಗಿ ಸೇರಿಸಿಕೊಂಡು ಬಾಳುವುದು ಹೇಗೆಂಬುದನ್ನು ತಿಳಿಯುವುದಕ್ಕೆ ದೊಡ್ಡ ಗ್ರಂಥಗಳನ್ನು ತೆರೆಯಬೇಕಾದುದಿಲ್ಲ. ನಮ್ಮ ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿಯೇ, ದೇವನಹಳ್ಳಿ ತಾಲ್ಲೂಕಿನ ವಿಜಯಪುರದ ಬೀದಿಗಳಲ್ಲಿ, ರೇಷ್ಮೆಯ ನೂಲು ಬಿಚ್ಚುವ ಮುಸಲ್ಮಾನ ಕೆಲಸಗಾರರ ಕಸುಬನ್ನು ಮನಸ್ಸಿಟ್ಟು ನೋಡಿದರೆ ಸಾಕು.

ವಿಜಯಪುರವೆಂದೊಡನೆ 2014ರಲ್ಲಿ ಆ ಹೆಸರನ್ನು ಪಡೆದ ಉತ್ತರದ ಬಿಜಾಪುರವು ವಾಚಕರ ನೆನಪಿಗೆ ಬಂದೀತು. ನಾವು ಹೇಳುತ್ತಿರುವುದು ದೇವನಹಳ್ಳಿಯಿಂದ ಪೂರ್ವಕ್ಕೆ ಶಿಡ್ಲಘಟ್ಟದ ದಾರಿಯಲ್ಲಿ ಸಿಕ್ಕುವ ಸಣ್ಣ ಊರನ್ನು. ಇಲ್ಲಿ ಸರ್ಕಾರದ ರೇಷ್ಮೆಗೂಡಿನ ಮಾರುಕಟ್ಟೆಯಿದೆ. ಸುತ್ತಲಿನ ಹಳ್ಳಿಗಳ ಒಕ್ಕಲು ಮಕ್ಕಳು ಹಿಪ್ಪುನೇರಳೆಯನ್ನು ಬೆಳೆದು, ಹುಳುಗಳನ್ನು ಸಾಕಿ, ಗೂಡುಗಳನ್ನು ಇಲ್ಲಿಗೆ ತರುವರು. ಪರವಾನಗಿ ಪಡೆದ ರೀಲರುಗಳು ಹರಾಜಿನಲ್ಲಿ ಅವನ್ನು ಕೊಂಡು ನೂಲು ತೆಗೆಯಿಸುವರು. ಈ ನೂಲು ತೆಗೆಯುವ ಕಸುಬಿನಲ್ಲಿ, ಇಲ್ಲಿಯೂ ಶಿಡ್ಲಘಟ್ಟ ರಾಮನಗರಗಳಲ್ಲಿಯೂ, ಮುಸಲ್ಮಾನರೇ ಹೆಚ್ಚಾಗಿರುವರು. ಹಾಗೆ ತೆಗೆದ ನೂಲು ಹುರಿಯಾಗಿ, ಬಣ್ಣವೇರಿ, ದೊಡ್ಡಬಳ್ಳಾಪುರದಂತಹ ನೇಕಾರರ ಊರುಗಳ ಮಗ್ಗವನ್ನು ಸೇರಿ, ಸೀರೆಯಾಗಿ ಹೊರಬರುವುದು. ಒಕ್ಕಲಿಗನ ತೋಟ, ಮುಸಲ್ಮಾನನ ಒಲೆ, ದೇವಾಂಗನ ಮಗ್ಗ, ಕೊನೆಗೆ ಧಾರೆಯ ಮಂಟಪದಲ್ಲಿ ನಿಂತ ಮದುವಣಗಿತ್ತಿಯ ಮೈ: ಒಂದು ಸೀರೆಯ ಪ್ರಯಾಣದಲ್ಲಿ ನಮ್ಮ ನಾಡಿನ ಎಷ್ಟು ಜನ ಒಬ್ಬರಿಗೊಬ್ಬರು ಆಧಾರವಾಗಿ ನಿಂತಿದ್ದಾರೆಂಬುದನ್ನು ಉಡುವವರೂ ಅರಿಯರು, ಮಾರುವವರೂ ಎಣಿಸರು.

ಈ ಕಸುಬು ನಮ್ಮ ಸೀಮೆಯಲ್ಲಿ ಬೇರೂರಿದುದು ಹದಿನೆಂಟನೆಯ ಶತಮಾನದ ಕೊನೆಯಲ್ಲಿ. ದೇವನಹಳ್ಳಿಯಲ್ಲಿಯೇ ಹುಟ್ಟಿದ ಟಿಪ್ಪು ಸುಲ್ತಾನನು ಬಂಗಾಳದಿಂದ ರೇಷ್ಮೆಹುಳುಗಳನ್ನು ತರಿಸುವುದಕ್ಕೆ ಬುರ್ಹಾನುದ್ದೀನ್ ಮತ್ತು ಕಸ್ತೂರಿರಂಗ ಎಂಬಿಬ್ಬರನ್ನು ಕಳುಹಿಸಿದ್ದನೆಂಬುದು 1786ರಲ್ಲಿ ಆತನು ಶ್ರೀರಂಗಪಟ್ಟಣದ ಕಿಲ್ಲೇದಾರನಿಗೆ ಬರೆಯಿಸಿದ ಕಾಗದದಿಂದ ತಿಳಿದುಬರುತ್ತದೆ. ಆ ದೊರೆಯ ರಾಜಕಾರ್ಯಗಳನ್ನು ಕುರಿತು ಇಂದಿಗೂ ನಡೆಯುತ್ತಿರುವ ವಾದಗಳಿಗೆ ನಾವು ಇಲ್ಲಿ ಕೈಹಾಕುವುದಿಲ್ಲ. ಹುಳುವನ್ನು ತರಹೋದ ಇಬ್ಬರಲ್ಲಿ ಒಬ್ಬನು ಮುಸಲ್ಮಾನನೂ ಇನ್ನೊಬ್ಬನು ಹಿಂದುವೂ ಆಗಿದ್ದರೆಂಬ ಸಂಗತಿಯನ್ನು ಮಾತ್ರ ಗುರುತಿಟ್ಟುಕೊಂಡರೆ ಸಾಕು. ಮುಂದೆ ಹತ್ತೊಂಬತ್ತನೆಯ ಶತಮಾನದ ಅಂತ್ಯಭಾಗದಲ್ಲಿ ಜೆಮ್‌ಷೇಟ್‌ಜಿ ತಾತಾ ಅವರು ಬೆಂಗಳೂರಿನಲ್ಲಿ ಜಪಾನಿನ ಕ್ರಮದ ರೇಷ್ಮೆ ತೋಟವನ್ನು ನಡೆಯಿಸಿ ಈ ಉದ್ಯಮಕ್ಕೆ ಹೊಸ ಬಲವನ್ನು ಕೊಟ್ಟರು. ಇಂದು ಕಚ್ಚಾ ರೇಷ್ಮೆಯ ಉತ್ಪತ್ತಿಯಲ್ಲಿ ಕರ್ನಾಟಕವು ಭಾರತದಲ್ಲಿ ಅಗ್ರಸ್ಥಾನದಲ್ಲಿರುವುದು.

ಇನ್ನು ಕೆಲಸದ ರೀತಿಯನ್ನು ನೋಡೋಣ. ಹುಳುವು ಇಪ್ಪತ್ತೈದು ದಿನಗಳಿಗೆ ಮೇಲ್ಪಟ್ಟು ಸೊಪ್ಪನ್ನು ತಿಂದು, ನಾಲ್ಕು ಸಲ ಪೊರೆ ಬಿಟ್ಟು, ಹಣ್ಣಾಗಿ, ಚಂದ್ರಿಕೆಯ ಮೇಲೆ ಎರಡು ಮೂರು ದಿನಗಳಲ್ಲಿ ಗೂಡು ಕಟ್ಟುವುದು. ಪೊರೆ ಬಿಡುವ ಕಾಲವನ್ನು ನಮ್ಮ ರೈತರು ಜ್ವರವೆಂದು ಕರೆಯುವರು. ಗೂಡು ಮಾರುಕಟ್ಟೆಗೆ ಬಂದ ಮೇಲೆ ಹೆಚ್ಚು ದಿನ ಇಡುವ ಹಾಗಿಲ್ಲ. ಒಳಗಿನ ಕೋಶವು ಚಿಟ್ಟೆಯಾಗಿ ಗೂಡನ್ನು ತೂತುಮಾಡಿಕೊಂಡು ಹೊರಬಂದರೆ ಎಳೆ ತುಂಡುತುಂಡಾಗಿ ಕೆಲಸಕ್ಕೆ ಬಾರದು. ಆದುದರಿಂದ ಶಾಖ ಕೊಟ್ಟು ಕೋಶವನ್ನು ಕೊಂದು, ಗೂಡನ್ನು ಬಿಸಿನೀರಿನಲ್ಲಿ ಬೇಯಿಸುವರು. ಎಳೆಯನ್ನು ಅಂಟಿಸಿಕೊಂಡಿರುವ ಗೋಂದು ಅದರಿಂದ ಸಡಿಲಾಗುವುದು. ಆಗ ಕೆಲಸಗಾರನು ಸುಡುವ ನೀರಿನಲ್ಲಿ ತೇಲುವ ಗೂಡುಗಳಿಂದ ಕಣ್ಣಿಗೆ ಕಾಣುವುದೂ ಕಷ್ಟವಾದ ಎಳೆಯ ತುದಿಯನ್ನು ಹಿಡಿದು, ಎಂಟು ಹತ್ತು ಗೂಡುಗಳ ಎಳೆಗಳನ್ನು ಒಂದುಗೂಡಿಸಿ, ರಾಟೆಗೆ ಏರಿಸುವನು. ಒಂದು ಗೂಡಿನಲ್ಲಿ ನೂರಾರು ಗಜಗಳ ಉದ್ದದ ಒಂದೇ ಎಳೆಯಿರುವುದು. ಒಳ್ಳೆಯ ತಳಿಯ ಗೂಡಿನಲ್ಲಿ ಅದು ಸಾವಿರ ಗಜಗಳನ್ನೂ ಮೀರುವುದು. ಒಂದು ಗೂಡು ಮುಗಿದ ಕ್ಷಣದಲ್ಲಿ ಇನ್ನೊಂದರ ಎಳೆಯನ್ನು ಸೇರಿಸದಿದ್ದರೆ ನೂಲು ತೆಳ್ಳಗಾಗುವುದು. ಹೆಚ್ಚಾಗಿ ಸೇರಿಸಿದರೆ ದಪ್ಪಗಾಗುವುದು. ಆರರಿಂದ ಎಂಟು ಕಿಲೋ ಗೂಡಿಗೆ ಒಂದು ಕಿಲೋ ನೂಲು ಬಂದರೆ ಅದು ತಕ್ಕ ಫಲ. ಸ್ವಯಂಚಾಲಿತ ಯಂತ್ರಗಳು ಬಂದಿವೆಯಾದರೂ, ಸಣ್ಣ ಮನೆಗಳ ಚರಕಗಳಲ್ಲಿಯೂ ಬೇಸಿನ್‌ಗಳಲ್ಲಿಯೂ ಕೈಯ ಬೆರಳೇ ಇನ್ನೂ ಯಂತ್ರವಾಗಿದೆ. ಆ ಬೆರಳುಗಳು ಬಿಸಿನೀರಿನಲ್ಲಿ ನೆಂದು ಬಿಳಿಚಿ ಸುಕ್ಕುಗಟ್ಟಿರುವುದನ್ನು ಕಂಡವರಿಗೆ ರೇಷ್ಮೆಯ ಹೊಳಪಿನ ನಿಜವಾದ ಬೆಲೆ ಏನೆಂಬುದು ತಿಳಿದೀತು.

ಇಂತಹ ಕೆಲಸದಲ್ಲಿ ಕೃತಜ್ಞತೆಗೆ ಎಡೆಯೆಲ್ಲಿ ಎಂದು ಕೆಲವರು ಕೇಳಬಹುದು. ಇಸ್ಲಾಂ ಧರ್ಮದ ಉಪದೇಶವು ಇಲ್ಲಿಯೇ ನಮ್ಮ ಗಮನಕ್ಕೆ ಬರತಕ್ಕದ್ದು. ಆ ಧರ್ಮದಲ್ಲಿ ದಿನಕ್ಕೆ ಐದು ಹೊತ್ತಿನ ನಮಾಜು ವಿಧಿಯಷ್ಟೆ. ಆದರೆ ವಿಧಿಸಿದ ಪ್ರಾರ್ಥನೆಯ ಹೊತ್ತುಗಳ ನಡುವಣ ಕಾಲವು ದೇವರಿಗೆ ಸೇರದ ಕಾಲವೆಂದು ಎಣಿಕೆಯಿಲ್ಲ. ಶುಕ್ರವಾರದ ಜುಮ್ಮಾ ಪ್ರಾರ್ಥನೆಯನ್ನು ಕುರಿತು ಕುರಾನಿನ ಅರವತ್ತೆರಡನೆಯ ಅಧ್ಯಾಯದಲ್ಲಿ ಬಂದಿರುವ ಅಪ್ಪಣೆಯನ್ನೇ ನೋಡಿರಿ: ಕರೆ ಕೇಳಿದಾಗ ವ್ಯಾಪಾರವನ್ನು ಬಿಟ್ಟು ಬರತಕ್ಕದ್ದು; ಪ್ರಾರ್ಥನೆ ಮುಗಿದೊಡನೆ ಪುನಃ ನೆಲದ ಮೇಲೆ ಹರಡಿಕೊಂಡು ದೇವರ ಅನುಗ್ರಹವಾದ ಜೀವನೋಪಾಯವನ್ನು ಅರಸತಕ್ಕದ್ದು. ಅಂದರೆ ಮಸೀದಿಯಿಂದ ಒಲೆಯ ಬಳಿಗೆ ಹಿಂತಿರುಗುವವನು ದೇವರಿಂದ ದೂರ ಹೋಗುತ್ತಿಲ್ಲ; ದೇವರ ಅಪ್ಪಣೆಯ ಮೇರೆಗೇ ಹೋಗುತ್ತಿದ್ದಾನೆ. ಬಿಸ್ಮಿಲ್ಲಾ ಎಂದು ಕೆಲಸಕ್ಕೆ ಕೈಯಿಡುವುದೂ, ಅಲ್ಹಮ್ದುಲಿಲ್ಲಾ ಎಂದು ಕೈತೆಗೆಯುವುದೂ ಬಾಯಿಯ ಅಭ್ಯಾಸ ಮಾತ್ರವಲ್ಲ, ನಡುವೆ ನಡೆದ ದುಡಿಮೆಗೆ ಎರಡು ಕಡೆಯಲ್ಲಿ ನೆಟ್ಟ ಗಡಿಕಲ್ಲುಗಳು. ಯಾವ ಕರ್ಮದ ಬೆಲೆಯೂ ಅದರ ಹಿಂದಿನ ನಿಯ್ಯತ್ತಿನಲ್ಲಿ, ಅಂದರೆ ಸಂಕಲ್ಪದಲ್ಲಿ ಇರುವುದೆಂಬುದು ಪ್ರವಾದಿಯವರ ಪ್ರಸಿದ್ಧ ಬೋಧನೆ. ಹೆಂಡತಿ ಮಕ್ಕಳ ಅನ್ನಕ್ಕಾಗಿ ಹಲಾಲಾದ ದಾರಿಯಲ್ಲಿ ದುಡಿಯುವುದು ಸಂಕಲ್ಪದ ಬಲದಿಂದ ಪುಣ್ಯಕಾರ್ಯವೇ ಆಗುವುದು.

ಇದಕ್ಕಿಂತಲೂ ಮಾರ್ಮಿಕವಾದ ಮಾತು ದಾವೂದ್ ಪ್ರವಾದಿಯ ಪ್ರಸ್ತಾಪದಲ್ಲಿ ಬರುವುದು. ದಾವೂದನು ಅರಸನಾಗಿದ್ದರೂ ತನ್ನ ಕೈದುಡಿಮೆಯಿಂದಲೇ ಉಣ್ಣುತ್ತಿದ್ದನೆಂದು ಹದೀಸಿನಲ್ಲಿ ಹೊಗಳಿಕೆಯಿದೆ. ಕುರಾನಿನ ಮೂವತ್ತನಾಲ್ಕನೆಯದಾದ ಸಬಾ ಅಧ್ಯಾಯದಲ್ಲಿ ದೇವರು ಆತನಿಗೆ ಕಬ್ಬಿಣವನ್ನು ಮೆತ್ತಗೆ ಮಾಡಿಕೊಟ್ಟು, ಕವಚವನ್ನು ಮಾಡುವಾಗ ಅದರ ಕೊಂಡಿಗಳನ್ನು ಅಳತೆಗೆ ಸರಿಯಾಗಿ ಹೊಂದಿಸಬೇಕೆಂದು ವಿಧಿಸಿದನೆಂಬ ಮಾತಿದೆ. ಅಲ್ಲಿಯೇ ಮುಂದೆ, ದಾವೂದನ ಮನೆಯವರು ಕೃತಜ್ಞತೆಯನ್ನು ಕೆಲಸದಿಂದ ಸಲ್ಲಿಸಬೇಕೆಂಬ ಅಪ್ಪಣೆಯೂ ಬಂದಿದೆ. ನಮ್ಮ ವಾಚಕರು ಇದನ್ನು ಸ್ವಲ್ಪ ನಿಂತು ಯೋಚಿಸಬೇಕು. ಕೃತಜ್ಞತೆಯು ನಾಲಿಗೆಯ ಕೆಲಸವೆಂದು ಅಲ್ಲಿ ಹೇಳಿಲ್ಲ. ಅದು ಕೈಯ ಕೆಲಸ. ಅದೂ ಅಳತೆ ತಪ್ಪದ ಕೈಯ ಕೆಲಸ. ಕವಚದ ಕೊಂಡಿ ಸಡಿಲಾದರೆ ಅದನ್ನು ತೊಟ್ಟವನ ಪ್ರಾಣಕ್ಕೆ ಅಪಾಯ. ರೇಷ್ಮೆಯ ಎಳೆ ಅಸಮವಾದರೆ ಅದನ್ನು ನೇಯುವವನ ಅನ್ನಕ್ಕೆ ಅಪಾಯ. ಹಾಸಿನಲ್ಲಿ ಪದೇಪದೇ ನೂಲು ಕಡಿದರೆ ದೊಡ್ಡಬಳ್ಳಾಪುರದ ನೇಕಾರನ ದಿನವೆಲ್ಲ ಎಳೆ ಕಟ್ಟುವುದರಲ್ಲಿಯೇ ಕಳೆದುಹೋಗುವುದು. ಆ ನೇಕಾರನ ಮುಖವನ್ನು ನೂಲು ಬಿಚ್ಚುವವನು ಕಂಡಿರುವುದಿಲ್ಲ. ಕಾಣುವ ಸಂಭವವೂ ಇಲ್ಲ. ಕಾಣದ ಮನುಷ್ಯನಿಗೆ ಮೋಸವಾಗಬಾರದೆಂದು ಎಳೆಯನ್ನು ಸಮನಾಗಿ ತೆಗೆಯುವವನು, ಕಾಣದ ದೇವರಿಗೆ ಸಲ್ಲಿಸತಕ್ಕ ಕೃತಜ್ಞತೆಯನ್ನು ಸರಿಯಾದ ನಾಣ್ಯದಲ್ಲಿಯೇ ಸಲ್ಲಿಸುತ್ತಿದ್ದಾನೆಂದು ನಾವು ಭಾವಿಸುತ್ತೇವೆ.

ಇಲ್ಲಿ ಇನ್ನೊಂದು ವಿಶೇಷವಿದೆ. ಇಸ್ಲಾಮಿನ ವಿಧಿಯ ಪ್ರಕಾರ ಶುದ್ಧ ರೇಷ್ಮೆಯನ್ನು ಉಡುವುದು ಗಂಡಸರಿಗೆ ನಿಷಿದ್ಧ, ಹೆಂಗಸರಿಗೆ ಮಾತ್ರ ಅನುಮತಿ. ಆದುದರಿಂದ ಬಾಳೆಲ್ಲ ರೇಷ್ಮೆಯನ್ನು ತೆಗೆಯುವ ಈ ಗಂಡಸು ತಾನು ತೆಗೆದುದನ್ನು ಮೈಮೇಲೆ ಹಾಕಿಕೊಳ್ಳಲಾರನು. ಉಡಬಲ್ಲ ಆತನ ಹೆಂಡತಿಗಾದರೋ ಅದನ್ನು ಕೊಳ್ಳುವ ಶಕ್ತಿ ಸಾಮಾನ್ಯವಾಗಿ ಇರುವುದಿಲ್ಲ. ತನಗೆ ದಕ್ಕದ ವಸ್ತುವನ್ನು ಇತರರಿಗಾಗಿ ಅಂದವಾಗಿ ಮಾಡಿಕೊಡುವುದು ಲೋಕದಲ್ಲಿ ಎಷ್ಟೋ ಮಂದಿ ಕೆಲಸಗಾರರ ಹಣೆಯ ಬರಹವೇ ಆಗಿದ್ದರೂ, ಇಲ್ಲಿ ಅದಕ್ಕೆ ಧರ್ಮದ ಒಂದು ಅರ್ಥವೂ ಸೇರಿಕೊಂಡಿದೆ. ಕುರಾನಿನ ಎಪ್ಪತ್ತಾರನೆಯ ಅಧ್ಯಾಯದಲ್ಲಿ ತಾಳ್ಮೆಯಿಂದ ಬಾಳಿದವರಿಗೆ ಸ್ವರ್ಗದಲ್ಲಿ ರೇಷ್ಮೆಯ ಉಡುಪು ಪ್ರತಿಫಲವೆಂದು ಹೇಳಿದೆ. ಇಲ್ಲಿ ನೂಲು ತೆಗೆದವನಿಗೆ ಅಲ್ಲಿ ಉಡುಗೊರೆ ಕಾದಿದೆಯೆಂಬ ನಂಬಿಕೆಯು ಬೇಸಿನ್‌ನ ಮುಂದೆ ನಿಂತವನ ಮನಸ್ಸಿಗೆ ತಂಪನ್ನು ಕೊಡಬಹುದಾದುದೇ. ಈ ಮಾತಿಗೆ ನಾವು ಪುನಃ ಬರುವೆವು.

ಕನ್ನಡಿಗರಿಗೆ ಈ ವಿಚಾರವು ಹೊಸದಲ್ಲ. ಹನ್ನೆರಡನೆಯ ಶತಮಾನದ ಶರಣರು ಕಾಯಕವನ್ನು ಪೂಜೆಗಿಂತ ಕಡಿಮೆಯೆಂದು ಎಣಿಸಿದವರಲ್ಲ. ಹಗ್ಗ ಹೊಸೆದು ಮಾರಿ ದಾಸೋಹ ನಡೆಸುತ್ತಿದ್ದ ನುಲಿಯ ಚಂದಯ್ಯನು, ಹುಲ್ಲು ಕೊಯ್ಯುವಾಗ ಕೊರಳಿನ ಲಿಂಗವು ನೀರಿಗೆ ಬಿದ್ದರೂ ಕಾಯಕವನ್ನು ಬಿಟ್ಟು ಅದನ್ನು ಹುಡುಕಲು ನಿಲ್ಲಲಿಲ್ಲವೆಂಬ ಕಥೆಯನ್ನು ನಮ್ಮ ಹಿರಿಯರು ಹೇಳಿಕೊಂಡು ಬಂದಿದ್ದಾರೆ. ಚಂದಯ್ಯನ ಹುರಿಗೂ ವಿಜಯಪುರದ ನೂಲಿಗೂ ನಡುವೆ ಎಂಟುನೂರು ವರ್ಷಗಳ ಅಂತರವಿದೆ. ಮತವೂ ಬೇರೆ, ಪ್ರಾರ್ಥನೆಯ ಭಾಷೆಯೂ ಬೇರೆ. ಎರಡು ಧರ್ಮಗಳನ್ನೂ ಒಂದೇ ಎಂದು ಹೇಳುವುದು ನಮ್ಮ ಉದ್ದೇಶವಲ್ಲ. ಆದರೆ ದುಡಿಯುವ ಕೈ ಪ್ರಾರ್ಥಿಸುವ ಕೈಗಿಂತ ಕೀಳಲ್ಲವೆಂಬ ಅರಿವು ಈ ಮಣ್ಣಿನಲ್ಲಿ ಎರಡು ಬಾಗಿಲುಗಳಿಂದಲೂ ಒಳಗೆ ಬಂದಿದೆ. ಒಂದು ಬಾಗಿಲಿನವರು ಇನ್ನೊಂದು ಬಾಗಿಲಿನವರನ್ನು ಪರಕೀಯರೆಂದು ನೋಡುವುದಕ್ಕೆ ಕಾರಣವಿಲ್ಲ.

ಇದೇ ದೇವನಹಳ್ಳಿಯಲ್ಲಿ 1936ರಲ್ಲಿ ಹುಟ್ಟಿದ ಕೆ. ಎಸ್. ನಿಸಾರ್ ಅಹಮದ್ ಅವರನ್ನು ಈ ಸಂದರ್ಭದಲ್ಲಿ ನೆನೆಯದಿರುವುದು ಸಾಧ್ಯವಿಲ್ಲ. ಅವರನ್ನು ನಾಡು ಬಲ್ಲುದು ಕವಿಯೆಂದು. ನಿತ್ಯೋತ್ಸವದ ಕವಿಯೆಂಬ ಹೆಸರು ಮನೆಮನೆಗೂ ತಲಪಿತು. 2006ರಲ್ಲಿ ಶಿವಮೊಗ್ಗದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪದವಿಯೂ 2008ರಲ್ಲಿ ಪದ್ಮಶ್ರೀ ಪ್ರಶಸ್ತಿಯೂ ಬಂದುವು. ಆದರೆ ಹೊಟ್ಟೆಪಾಡಿಗೆ ಅವರು ಹಿಡಿದ ವೃತ್ತಿಯು ಭೂವಿಜ್ಞಾನದ ಅಧ್ಯಾಪನ. ಸರ್ಕಾರಿ ಕಾಲೇಜುಗಳಲ್ಲಿ ಕಲ್ಲು ಖನಿಜಗಳ ಪಾಠವನ್ನು ಹೇಳುತ್ತ ಅವರು ಸೇವಾವಧಿಯನ್ನು ಕಳೆದರು. ಮನೆಯಲ್ಲಿ ಒಂದು ಭಾಷೆ, ಕಾವ್ಯಕ್ಕೆ ಒಂದು ಭಾಷೆ, ತರಗತಿಯಲ್ಲಿ ಶಿಲೆಗಳ ಭಾಷೆ: ಮೂರನ್ನೂ ನಿಭಾಯಿಸಿ 2020ರಲ್ಲಿ ಅವರು ತೀರಿಕೊಂಡಾಗ ನಾಡಿಗೆ ನಾಡೇ ತನ್ನವರೊಬ್ಬರನ್ನು ಕಳೆದುಕೊಂಡೆನೆಂದು ಮರುಗಿತು. ದಿನನಿತ್ಯದ ಕೆಲಸವು ಉತ್ಸವವಾಗಬಹುದೆಂಬುದಕ್ಕೆ ಅವರ ಬಾಳೇ ನಿದರ್ಶನ. ಆದರೆ ಅಧ್ಯಾಪಕನಿಗೆ ತಿಂಗಳ ಸಂಬಳವೂ ನಿವೃತ್ತಿವೇತನವೂ ಉಂಟು. ಬಿಸಿನೀರಿನ ಮುಂದೆ ನಿಂತವನಿಗೆ ಏನುಂಟು? ಈ ಪ್ರಶ್ನೆಯನ್ನು ಕೇಳದೆ ದುಡಿಮೆಯ ಮಹಿಮೆಯನ್ನು ಹಾಡುವುದು ನ್ಯಾಯವಲ್ಲ.

ಏಕೆಂದರೆ ಕೃತಜ್ಞತೆಯ ಉಪದೇಶಕ್ಕೆ ಒಂದು ಅಪಾಯವಿದೆ. ಉಳ್ಳವರು ಅದನ್ನು ಇಲ್ಲದವರ ಬಾಯಿಗೆ ಬೀಗವಾಗಿ ಉಪಯೋಗಿಸಬಹುದು. ದೇವರು ಕೊಟ್ಟಷ್ಟಕ್ಕೆ ತೃಪ್ತನಾಗಿರು ಎಂದು ಕೂಲಿಯವನಿಗೆ ಹೇಳುವ ಯಜಮಾನನು, ಕೊಡತಕ್ಕ ಕೂಲಿಯನ್ನು ತಾನು ಹಿಡಿದಿಟ್ಟುಕೊಂಡು ದೇವರ ಮೇಲೆ ಹೊರಿಸುತ್ತಾನೆ. ಪರಲೋಕದ ರೇಷ್ಮೆಯನ್ನು ತೋರಿಸಿ ಇಹಲೋಕದ ಅನ್ನವನ್ನು ಮೊಟಕುಗೊಳಿಸುವುದು ಧರ್ಮವಲ್ಲ. ಅದು ಧರ್ಮದ ಹೆಸರಿನ ವಂಚನೆ. ಇಸ್ಲಾಮಿನ ಉಪದೇಶವು ಈ ವಿಷಯದಲ್ಲಿ ಸಂದಿಗ್ಧವಾಗಿಲ್ಲ. ಬೆವರು ಆರುವ ಮುಂಚೆಯೇ ಕೂಲಿಯನ್ನು ಸಲ್ಲಿಸಬೇಕೆಂದು ಹದೀಸು ವಿಧಿಸುವುದು. ಪೂರ್ತಿ ಕೆಲಸ ತೆಗೆದುಕೊಂಡು ಕೂಲಿ ಕೊಡದವನಿಗೆ ವಿಚಾರಣೆಯ ದಿನದಲ್ಲಿ ದೇವರೇ ಪ್ರತಿವಾದಿಯಾಗಿ ನಿಲ್ಲುವನೆಂದೂ ಎಚ್ಚರಿಸುವುದು. ಅಳತೆ ತೂಕಗಳಲ್ಲಿ ಕಡಿಮೆ ಕೊಡುವವರನ್ನು ಖಂಡಿಸುವುದಕ್ಕಾಗಿಯೇ ಕುರಾನಿನಲ್ಲಿ ಒಂದು ಅಧ್ಯಾಯದ ಆರಂಭವು ಮೀಸಲಾಗಿದೆ. ಇದನ್ನೆಲ್ಲ ಓದಿದಾಗ ತಿಳಿದುಬರುವುದೇನೆಂದರೆ, ಕೃತಜ್ಞತೆಯು ಕೆಳಗಿನವನು ಮೇಲಿನವನಿಗೆ ತೆರತಕ್ಕ ಕಪ್ಪವಲ್ಲ. ಕೆಲಸ ಮಾಡುವವನು ಅದನ್ನು ಒಳ್ಳೆಯ ಕೆಲಸದಿಂದಲೂ, ಮಾಡಿಸುವವನು ಒಳ್ಳೆಯ ಕೂಲಿಯಿಂದಲೂ ದೇವರಿಗೆ ಸಲ್ಲಿಸತಕ್ಕದ್ದು. ಒಬ್ಬನು ಸಲ್ಲಿಸಿ ಇನ್ನೊಬ್ಬನು ತಪ್ಪಿಸಿಕೊಂಡರೆ ಲೆಕ್ಕ ಸರಿಹೋಗದು.

ಈ ಲೆಕ್ಕವು ನಮ್ಮ ರೇಷ್ಮೆಯ ಊರುಗಳಲ್ಲಿ ಯಾವಾಗಲೂ ಸರಿಯಾಗಿತ್ತೆಂದು ಹೇಳುವ ಹಾಗಿಲ್ಲ. ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆಯವರು 2003ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಕರ್ನಾಟಕದ ರೇಷ್ಮೆ ಕೆಲಸದಲ್ಲಿ ಎಳೆಯ ಮಕ್ಕಳು ತಂದೆತಾಯಿಗಳು ಪಡೆದ ಮುಂಗಡದ ಸಾಲಕ್ಕಾಗಿ ದುಡಿಯುತ್ತಿದ್ದುದನ್ನೂ, ಸುಡುವ ನೀರಿನಲ್ಲಿ ಕೈಯದ್ದಿ ಗಾಯಗೊಳ್ಳುತ್ತಿದ್ದುದನ್ನೂ ವಿವರವಾಗಿ ಬರೆದಿರುವರು. ಅಷ್ಟರಲ್ಲಿ 1976ರ ಜೀತಪದ್ಧತಿ ರದ್ದಿಯಾತಿ ಕಾನೂನು ಜಾರಿಗೆ ಬಂದು ಕಾಲು ಶತಮಾನವೇ ಕಳೆದಿತ್ತು! ಬಾಲಕಾರ್ಮಿಕ ಪದ್ಧತಿಯನ್ನು ಕುರಿತ 1986ರ ಕಾನೂನು 2016ರಲ್ಲಿ ತಿದ್ದುಪಡಿಯಾಗಿ, ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಯಾವ ಉದ್ಯೋಗಕ್ಕೂ ನೇಮಿಸಿಕೊಳ್ಳಕೂಡದೆಂಬ ನಿಯಮವು ಬಂದಿದೆ. ಕಾನೂನು ಕಾಗದದ ಮೇಲಿರುವುದು ಒಂದು ಮಾತು, ಬೀದಿಯೊಳಗೆ ಇಳಿಯುವುದು ಇನ್ನೊಂದು ಮಾತು. ಮುಂಗಡವು ಒಂದು ಸಲ ಕೊರಳಿಗೆ ಬಿದ್ದರೆ, ಕೆಲಸಗಾರನು ಹೆಚ್ಚು ಕೂಲಿ ಕೊಡುವ ಇನ್ನೊಂದು ಮನೆಗೆ ಹೋಗುವ ಸ್ವಾತಂತ್ರ್ಯವನ್ನು ಕಳೆದುಕೊಳ್ಳುವನು. ಬಡ್ಡಿಯನ್ನು ನಿಷೇಧಿಸಿದ ಧರ್ಮದವರ ಮನೆಯಲ್ಲಿಯೇ ಸಾಲವು ಮನುಷ್ಯನ ಮೈಯನ್ನು ಬಡ್ಡಿಯಾಗಿ ತೆಗೆದುಕೊಳ್ಳುವುದಾದರೆ, ಅದನ್ನು ಏನೆಂದು ಕರೆಯೋಣ?

ಸಣ್ಣ ರೀಲರಿನ ಕಷ್ಟವನ್ನೂ ಮರೆಯತಕ್ಕದ್ದಲ್ಲ. ಆತನೂ ಬಹಳ ಕಡೆ ಕೂಲಿಯವನ ಪಕ್ಕದಲ್ಲಿಯೇ ನಿಂತು ದುಡಿಯುವವನು. ಗೂಡಿಗೆ ಹಣವನ್ನು ಕೂಡಲೆ ತೆರಬೇಕು. ನೂಲಿನ ಹಣವಾದರೋ ಕೊಳ್ಳುವವನು ಕೊಟ್ಟಾಗ ಬರುವುದು. 2011ರ ಕೇಂದ್ರ ಆಯವ್ಯಯದಲ್ಲಿ ವಿದೇಶದ ಕಚ್ಚಾ ರೇಷ್ಮೆಯ ಮೇಲಿನ ಆಮದು ಸುಂಕವನ್ನು ನೂರಕ್ಕೆ 30ರಿಂದ 5ಕ್ಕೆ ಇಳಿಸಿದಾಗ, ಚೀನಾದ ಅಗ್ಗದ ನೂಲಿನ ಭಯದಿಂದ ಇಲ್ಲಿ ಗೂಡಿನ ಬೆಲೆಯು ಕುಸಿದು ಬೆಳೆಗಾರರು ಬೀದಿಗಿಳಿದುದು ಅನೇಕರ ನೆನಪಿನಲ್ಲಿದೆ. ದೆಹಲಿಯಲ್ಲಿ ಎಳೆದ ಒಂದು ಗೆರೆಯಿಂದ ನಮ್ಮ ಹಳ್ಳಿಯ ಒಲೆಯು ಆರಿಹೋಗಬಹುದು. ಅದರ ಮೇಲೆ 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣವು ತೆರೆದಂದಿನಿಂದ ಸುತ್ತಣ ಭೂಮಿಯ ಬೆಲೆಯು ಗಗನಕ್ಕೇರಿ, ಸೊಪ್ಪಿನ ತೋಟಗಳಿದ್ದ ಕಡೆಗಳಲ್ಲಿ ನಿವೇಶನದ ಕಲ್ಲುಗಳು ಏಳುತ್ತಿವೆ. ತರುಣರು ಅಪ್ಪನ ಕಸುಬನ್ನು ಬಿಟ್ಟು ಬಾಡಿಗೆ ಕಾರು ನಡೆಸಲು ಹೋದರೆ ಅವರನ್ನು ದೂಷಿಸುವುದಕ್ಕಾಗದು. ಕಾರು ನಡೆಸುವುದರಲ್ಲಿಯೂ ಬಿಸ್ಮಿಲ್ಲಾ ಎನ್ನಬಹುದು. ಅಲ್ಲಿಯೂ ನಿಯ್ಯತ್ತು ನೆಟ್ಟಗಿರಬಹುದು. ಆದರೆ ತಲೆಮಾರುಗಳಿಂದ ಬೆರಳಿನಲ್ಲಿ ಕೂಡಿಕೊಂಡು ಬಂದ ಕೌಶಲ್ಯವು ಕೂಲಿ ಸಾಲದೆಂಬ ಒಂದೇ ಕಾರಣದಿಂದ ಅಳಿಯುವುದಾದರೆ ಅದು ನಾಡಿಗೇ ನಷ್ಟ.

ಆದುದರಿಂದ ಈ ವಿಷಯದಲ್ಲಿ ಮೂವರಿಗೆ ನಮ್ಮ ವಿಜ್ಞಾಪನೆಯುಂಟು. ಮೊದಲನೆಯದಾಗಿ, ನೂಲಿನ ಮನೆಗಳ ಯಜಮಾನರಿಗೆ: ಜಕಾತಿಗಾಗಿ ಉಳಿತಾಯದ ನಲವತ್ತರಲ್ಲಿ ಒಂದು ಭಾಗವನ್ನು ತೆಗೆದಿಡುವ ಮುನ್ನ ಕೂಲಿಯ ಬಾಕಿಯನ್ನು ತೀರಿಸಿರಿ. ಬಾಕಿಯಿಟ್ಟ ಕೂಲಿ ನಿಮ್ಮ ಹಣವೇ ಅಲ್ಲ. ಅನ್ಯರ ಹಣದಲ್ಲಿ ದಾನಮಾಡಿದ ಪುಣ್ಯವು ಯಾರಿಗೂ ಸಲ್ಲದು. ಹೊಗೆ ಹೋಗುವುದಕ್ಕೆ ದಾರಿಯನ್ನೂ, ಗಾಳಿ ಬೆಳಕುಗಳನ್ನೂ, ಬೆಂದ ಕೈಗೆ ಔಷಧವನ್ನೂ ಒದಗಿಸುವುದು ದೊಡ್ಡ ಖರ್ಚಿನ ಕೆಲಸವಲ್ಲ. ಎರಡನೆಯದಾಗಿ, ರೇಷ್ಮೆ ಮತ್ತು ಕಾರ್ಮಿಕ ಇಲಾಖೆಗಳ ಅಧಿಕಾರಿಗಳಿಗೆ: ಮಾರುಕಟ್ಟೆಯ ತೂಕವನ್ನು ಕಾಯುವಷ್ಟೇ ಎಚ್ಚರದಿಂದ ಒಲೆಯ ಮುಂದೆ ನಿಂತವರ ವಯಸ್ಸನ್ನೂ ಕೂಲಿಯನ್ನೂ ಆರೋಗ್ಯವನ್ನೂ ಕಾಯಿರಿ. ಯಂತ್ರಗಳಿಗೆ ಕೊಡುವ ಸಹಾಯಧನವು ಸಣ್ಣವರನ್ನೂ ತಲಪುವಂತೆ ನೋಡಿಕೊಳ್ಳಿರಿ. ಸರ್ಕಾರದ ಕೆಲಸವೂ ಹಲಾಲಾಗುವುದು ಹಾಗೆ ಮಾಡಿದಾಗಲೇ. ಮೂರನೆಯದಾಗಿ, ರೇಷ್ಮೆಯನ್ನು ಉಡುವ ನಾಗರಿಕರಿಗೆ: ಸೀರೆಯ ಅಂಚನ್ನೂ ಸೆರಗನ್ನೂ ನೋಡಿ ಮೆಚ್ಚುವಾಗ ಅದರ ಹಿಂದಿನ ಕೈಗಳನ್ನೂ ನೆನೆಯಿರಿ. ಮುಸಲ್ಮಾನನು ಬಿಚ್ಚಿದ ಎಳೆ ಇಲ್ಲದೆ ನಮ್ಮ ಎಷ್ಟೋ ಮದುವೆಗಳ ಮಂಗಳವು ಪೂರ್ತಿಯಾಗದೆಂಬುದನ್ನು ಅರಿತವನು ಆತನ ಬೀದಿಯನ್ನು ಅನುಮಾನದಿಂದ ನೋಡಲಾರನು.

ಕೆಲಸಗಾರರಿಗೆ ಉಪದೇಶ ಮಾಡುವ ಧೈರ್ಯ ನಮಗಿಲ್ಲ. ಈ ವಿಷಯದಲ್ಲಿ ಅವರೇ ಉಪದೇಶಕರು. ಫಜರಿನ ನಮಾಜಿನ ತರುವಾಯ ಒಲೆ ಹೊತ್ತಿಸಿ, ರಂಜಾನಿನ ಉಪವಾಸದಲ್ಲಿಯೂ ಹಬೆಯ ಮುಂದೆ ನಿಂತು, ಎಳೆ ಕಡಿದಲ್ಲಿ ಮತ್ತೆ ಎಳೆ ಸೇರಿಸಿ, ಸಂಜೆಗೆ ಒಂದು ಲಡಿ ನೂಲನ್ನು ಕೈಯಲ್ಲಿ ಹಿಡಿದು ಅಲ್ಹಮ್ದುಲಿಲ್ಲಾ ಎನ್ನುವವನು ತನ್ನ ಪಾಲಿನ ಕೃತಜ್ಞತೆಯನ್ನು ಅಂದಂದಿಗೆ ಸಲ್ಲಿಸಿರುವನು. ಬಾಕಿಯಿರುವುದು ನಮ್ಮ ಪಾಲು. ಅದನ್ನು ಹೊಗಳಿಕೆಯಿಂದ ತೀರಿಸಲಾಗದು. ನ್ಯಾಯವಾದ ಕೂಲಿಯಿಂದಲೂ, ನೆರೆಯವನೆಂಬ ಮರ್ಯಾದೆಯಿಂದಲೂ ಮಾತ್ರ ತೀರಿಸಲಾದೀತು.